ಆರ್‌ಓನಾ, ಯುವಿನಾ, ಕ್ಯಾನಾ, ಕುದಿಸೋದಾ? ಮೊದಲು ನಿಮ್ಮ ಸಂಪಿನ ನೀರು ಯಾವುದು ನೋಡಿ

ಹೋದ ತಿಂಗಳು ಸರ್ಜಾಪುರ ರಸ್ತೆಯ ಅತ್ತಿಗೆ ಮನೆಯಲ್ಲಿದ್ದಾಗ ಒಬ್ಬ ಹುಡುಗ ಫಿಲ್ಟರ್ ಮಾರಲು ಬಂದ. ಎರಡು ಗಾಜಿನ ಲೋಟ ಕೇಳಿ ತೆಗೆದುಕೊಂಡ. ಒಂದಕ್ಕೆ ನಲ್ಲಿ ನೀರು ಹಿಡಿದ, ಇನ್ನೊಂದಕ್ಕೆ ತಾನೇ ತಂದಿದ್ದ ಆರ್‌ಓ ನೀರು, ಅಂದರೆ ಪೊರೆಯೊಂದರ ಮೂಲಕ ಒತ್ತಿ ಲವಣ ತೆಗೆದ ನೀರು ಹಾಕಿದ. ಎರಡರೊಳಗೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ಸ್ವಿಚ್ ಒತ್ತಿದ. ನೋಡುತ್ತಿದ್ದಂತೆ ನಲ್ಲಿ ನೀರು ಹಳದಿಯಾಯಿತು, ಆಮೇಲೆ ಕಂದು, ಕೊನೆಗೆ ಮೇಲೆಲ್ಲ ಕೆಸರಿನಂಥ ಪದರ ಕಟ್ಟಿತು. ಆರ್‌ಓ ನೀರು ಮಾತ್ರ ತಿಳಿಯಾಗೇ ಇತ್ತು. "ಮೇಡಂ, ದಿನಾ ನೀವು ಕುಡೀತಿರೋದು ಇದನ್ನೇ" ಅಂದ. ಅತ್ತಿಗೆ ಮುಖ ಬಿಳಿಚಿಕೊಂಡಿತು.

ಆ ಕೆಸರು ನೀರಿನಲ್ಲಿ ಇದ್ದದ್ದಲ್ಲ. ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗಿ ತೇಲಿದ್ದು. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತದೆ, ಕಡ್ಡಿ ಕರಗುತ್ತದೆ. ಆರ್‌ಓ ನೀರಿನಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಕರೆಂಟು ಅಷ್ಟಾಗಿ ಹರಿಯುವುದಿಲ್ಲ. ನಾನು ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಆ ತಿಳಿ ನೀರಿಗೆ ಹಾಕಿ, "ಈಗ ಮಾಡಪ್ಪ" ಅಂದೆ. ಅದೂ ಕೆಸರಾಯಿತು. ಪಾಪ, ಆ ಹುಡುಗನಿಗೂ ಇದು ಗೊತ್ತಿರಲಿಲ್ಲ. ಅವನಿಗೆ ಹೇಳಿಕೊಟ್ಟದ್ದು ಅಷ್ಟೇ.

ನನಗೆ ಬೇಜಾರಾಗುವುದು ಇಲ್ಲೇ. ಬೆಂಗಳೂರಿನಲ್ಲಿ ತುಂಬಾ ಜನ ನೀರಿನ ಯಂತ್ರ ತಗೊಳ್ಳುವುದು ಹೆದರಿಕೆಯಿಂದ. ಪಕ್ಕದ ಮನೆಯವರು ಹಾಕಿಸಿದರು ಅಂತ ನಾವೂ ಹಾಕಿಸುತ್ತೇವೆ. ಆದರೆ ಪಕ್ಕದ ಬೀದಿಯ ನೀರೇ ಬೇರೆ ಇರಬಹುದು. ಆರ್‌ಓ ಒಳ್ಳೆಯದಾ, ಬೆಳಕಿನಿಂದ ರೋಗಾಣು ಅಡಗಿಸುವ ಯುವಿ ಸಾಕಾ, ಕ್ಯಾನ್ ತರಿಸೋದಾ ಅಂತ ನೀವು ಕೇಳಿದಾಗಲೆಲ್ಲ ನಾನು ತಿರುಗಿ ಕೇಳುವುದು ಒಂದೇ ಮಾತು: ನಿಮ್ಮ ಸಂಪಿಗೆ ಬೀಳುವ ನೀರು ಯಾವುದು?

ರೋಗಾಣು ಬೇರೆ, ಉಪ್ಪು ಬೇರೆ

ಇದೊಂದು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ. ನೀರಿನಿಂದ ತೊಂದರೆ ಬರುವುದು ಎರಡು ದಾರಿಯಲ್ಲಿ. ಒಂದು, ಬೇಧಿ, ಟೈಫಾಯ್ಡ್, ಕಾಮಾಲೆ, ಕಾಲರಾ ತರುವ ರೋಗಾಣು. ಇದು ಒಂದೇ ಲೋಟದಲ್ಲಿ ಮಲಗಿಸಬಲ್ಲದು. ಇನ್ನೊಂದು, ನೀರಿನಲ್ಲಿ ಕರಗಿರುವ ಲವಣಗಳು: ಗಡಸುತನ, ಫ್ಲೋರೈಡ್, ನೈಟ್ರೇಟ್ ಇತ್ಯಾದಿ. ಇವು ಜಾಸ್ತಿ ಇದ್ದರೆ ಸಾಮಾನ್ಯವಾಗಿ ನಿಧಾನವಾಗಿ, ವರ್ಷಗಟ್ಟಲೆ ಕುಡಿದ ಮೇಲೆ ಕಾಡುತ್ತವೆ.

ಟಿಡಿಎಸ್ ಅಂದರೆ ಹೀಗೆ ಕರಗಿರುವ ಲವಣಗಳ ಒಟ್ಟು ಪ್ರಮಾಣ. ಟಿಡಿಎಸ್ ಮೀಟರು ಹೇಳುವುದು ಅದನ್ನು ಮಾತ್ರ. ಮುನ್ನೂರು ರೂಪಾಯಿ ಆಸುಪಾಸಿನಲ್ಲಿ ಸಿಗುವ ಆ ಮೀಟರು ರೋಗಾಣು ಇದೆಯೋ ಇಲ್ಲವೋ ಹೇಳುವುದಿಲ್ಲ. ಇದನ್ನು ನಾವು ಅನುಭವಿಸಿ ಕಲಿತೆವು. ಗಿರಿನಗರದ ನಮ್ಮ ಮನೆಗೆ ಬರುವುದು ಕಾವೇರಿ ನೀರು. ಮೀಟರಿನಲ್ಲಿ 190 ತೋರಿಸುತ್ತಿತ್ತು, ಅಂದರೆ ಲವಣ ಕಡಿಮೆ, ಕಣ್ಣಿಗೂ ತಿಳಿ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಮನೆಮಂದಿಗೆಲ್ಲ ಒಬ್ಬರಾದ ಮೇಲೆ ಒಬ್ಬರಿಗೆ ಬೇಧಿ. ಆಗ ಗೆಳತಿಯೊಬ್ಬಳು ಎಚ್‌ಟುಎಸ್ ಪರೀಕ್ಷೆಯ ಪುಟ್ಟ ಬಾಟಲಿಗಳನ್ನು ತಂದುಕೊಟ್ಟಳು. ಗೆರೆಯವರೆಗೆ ನೀರು ತುಂಬಿ ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಕಪ್ಪಾದರೆ ನೀರಿಗೆ ಕೊಳಚೆ ಸೇರಿರುವ ಸೂಚನೆ. ಒಂದು ಬಾಟಲಿಗೆ ಬೀದಿಯ ಪೈಪಿನಿಂದ ನೇರವಾಗಿ ಬೀಳುವ ನೀರು ಹಿಡಿದೆ, ಇನ್ನೊಂದಕ್ಕೆ ಸಂಪಿನದು. ಮರುದಿನ ಬೆಳಗ್ಗೆ ಮೊದಲನೆಯದು ಹಾಗೇ ಇತ್ತು. ಸಂಪಿನದು ಮಸಿಯಂತೆ ಕಪ್ಪು. ಸಂಪು ಖಾಲಿ ಮಾಡಿಸಿ ಮೇಸ್ತ್ರಿ ಇಳಿದು ನೋಡಿದರೆ, ಒಳಚರಂಡಿ ಛೇಂಬರಿನ ಕಡೆಯ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು. 190 ಟಿಡಿಎಸ್ ನೀರು ಕುಡಿದೇ ನಾವೆಲ್ಲ ಮಲಗಿದ್ದು.

ಹಾಗಾಗಿ ಆರಿಸುವ ಮುಂಚೆ ಇಷ್ಟು ತಿಳಿದುಕೊಳ್ಳಿ. ನೀರು ಕಾವೇರಿಯದೋ, ಬೋರಿನದೋ, ಟ್ಯಾಂಕರಿನದೋ, ಮಿಶ್ರಣವೋ. ಟಿಡಿಎಸ್ ಎಷ್ಟು. ಬೋರ್ ನೀರಾದರೆ ಒಂದು ಸಲ ಲ್ಯಾಬಿನಲ್ಲಿ ನೈಟ್ರೇಟ್, ಫ್ಲೋರೈಡ್, ಗಡಸುತನ ಮತ್ತು ಇ. ಕೋಲಿ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ನೋಡಿಸಿ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬುಗಳು ಊರಿನಲ್ಲಿ ಬೇಕಾದಷ್ಟಿವೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಟಿಡಿಎಸ್ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದೇ ಹೋದರೆ 2000ದವರೆಗೆ ನಡೆಯುತ್ತದೆ. ನೈಟ್ರೇಟಿಗೆ ಮಾತ್ರ ಅಂಥ ರಿಯಾಯಿತಿ ಇಲ್ಲ, 45 ಮಿಲಿಗ್ರಾಂ ದಾಟಬಾರದು. ಫ್ಲೋರೈಡ್ 1 ಒಳಗಿರಬೇಕು, ಹೆಚ್ಚೆಂದರೆ 1.5. ಇ. ಕೋಲಿ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು.

ಆಮೇಲೆ ಮನೆಯ ಸಂಗತಿಗಳು. ಹಾಲುಗೂಸು, ವಯಸ್ಸಾದವರು ಇದ್ದಾರಾ? ಬಾಡಿಗೆ ಮನೆಯಾ, ಗೋಡೆಗೆ ತೂತು ಕೊರೆಯಲು ಓನರ್ ಒಪ್ಪುತ್ತಾರಾ? ಕರೆಂಟು ಹೋಗುವುದು ಜಾಸ್ತಿಯಾ? ಕೊಳ್ಳುವ ಬೆಲೆಗಿಂತ ತಿಂಗಳ ಖರ್ಚು ನೋಡಿ. ಮೊದಲ ವರ್ಷ ಕಳೆದ ಮೇಲೆ ಜೇಬಿಗೆ ಬೀಳುವುದು ಅದೇ.

ಕಾವೇರಿ ನೀರು, ಬೋರ್ ನೀರು

ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬರುತ್ತದೆ. ಅಲ್ಲಿ ಕೆಸರು ತಂಗಿಸಿ, ಸೋಸಿ, ಕ್ಲೋರಿನ್ ಹಾಕಿಯೇ ಮೇಲಕ್ಕೆ ಪಂಪ್ ಮಾಡುತ್ತಾರೆ. ಲವಣ ಕಡಿಮೆ. ತೊಂದರೆ ಇರುವುದು ಕೊನೆಯ ಹಾದಿಯಲ್ಲಿ. ದಿನ ಬಿಟ್ಟು ದಿನ ನೀರು ಬಿಡುವ ಕಡೆ ಪೈಪು ಖಾಲಿ ಇರುವಾಗ ಬಿರುಕುಗಳಿಂದ ಹೊರಗಿನ ಕೊಳಕು ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೇ ನೀರು ಬಿಟ್ಟ ಮೊದಲ ಐದು ನಿಮಿಷದ್ದನ್ನು ಸಂಪಿಗೆ ಬಿಡದೆ ಅಂಗಳ ತೊಳೆಯಲು ಹಿಡಿಯಿರಿ.

ಬೋರ್ ನೀರಿನ ಕಥೆ ಬೇರೆ. ಬಂಡೆಯ ಬಿರುಕುಗಳಲ್ಲಿ ನಿಂತ ನೀರು, ಲವಣ ಕರಗಿಸಿಕೊಂಡೇ ಬರುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಪದರ, ಸೋಪಿಗೆ ನೊರೆ ಇಲ್ಲ, ಬೇಳೆ ಬೇಯುವುದಿಲ್ಲ. ಇವೆಲ್ಲ ಗಡಸುತನದ ಗುರುತು. ಅದು ನೋಡಲು ಕೆಟ್ಟದಾದರೂ ಅಷ್ಟು ಅಪಾಯದ್ದಲ್ಲ. ಕಣ್ಣಿಗೆ, ನಾಲಿಗೆಗೆ ಗೊತ್ತಾಗದ ನೈಟ್ರೇಟೇ ಹೆಚ್ಚು ಅಪಾಯದ್ದು, ಬಾಟಲಿ ಹಾಲು ಕುಡಿಯುವ ಕೂಸುಗಳಿಗಂತೂ ತುಂಬಾ. ಕೊಳಚೆ ನೀರು ಇಂಗಿಸುವ ಸೋಕ್ ಪಿಟ್ಟು, ಒಡೆದ ಚರಂಡಿಗಳಿಂದ ಅದು ಅಂತರ್ಜಲಕ್ಕೆ ಇಳಿಯುತ್ತದೆ.

2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಗೂ ನೀರು ಹರಿಯತೊಡಗಿದೆ. ಮೊದಲು ಬರೀ ಬೋರ್ ನಂಬಿದ್ದ ಮನೆಗಳಲ್ಲಿ ಈಗ ಮಿಶ್ರಣ. ನೀವು ಅಂಥ ಕಡೆ ಇದ್ದರೆ ಹಳೆಯ ಟಿಡಿಎಸ್ ಲೆಕ್ಕ ನಂಬಬೇಡಿ, ಈಗ ಮತ್ತೆ ಅಳೆಯಿರಿ. ಬೇಸಿಗೆಯಲ್ಲಿ ಒಂದು ಸಲ, ಮಳೆಗಾಲದಲ್ಲಿ ಒಂದು ಸಲ.

ಕುದಿಸುವುದು

ರೋಗಾಣು ಕೊಲ್ಲಲು ಇದಕ್ಕಿಂತ ನಂಬಿಕೆಯ ದಾರಿ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅಷ್ಟು ಸಾಕಾಗುತ್ತದಾ ಅಂತ ಕೆಲವರಿಗೆ ಅನುಮಾನ. ಸಾಕು. ಗುಳ್ಳೆ ಏಳುವಾಗಲೇ ಆರಿಸಬೇಡಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ಇಪ್ಪತ್ತು ನಿಮಿಷ ಕುದಿಸುವುದು ಸುಮ್ನೆ ಗ್ಯಾಸ್ ದಂಡ.

ಖರ್ಚಿನ ಲೆಕ್ಕ ಹಾಕಿ ನೋಡಿದೆ. ದಿನಕ್ಕೆ 10 ಲೀಟರ್ ಕುದಿಸಲು ಸುಮಾರು 110 ಗ್ರಾಂ ಗ್ಯಾಸು ಬೇಕು. ತಿಂಗಳಿಗೆ ಮೂರು ಕೆಜಿ ದಾಟುತ್ತದೆ. ಅಂದರೆ 14.2 ಕೆಜಿ ಸಿಲಿಂಡರಿನ ಕಾಲು ಭಾಗದ ಹತ್ತಿರ. ಯಂತ್ರದ ದುಡ್ಡಿಲ್ಲ, ಸರ್ವಿಸ್ ಇಲ್ಲ. ಕಷ್ಟ ಇರುವುದು ಶ್ರಮದಲ್ಲಿ: ರಾತ್ರಿ ಕುದಿಸಬೇಕು, ಆರಿಸಬೇಕು, ಸೋಸಿ ತುಂಬಬೇಕು. ಆ ಕೆಲಸ ಮನೆಯಲ್ಲಿ ಯಾರ ತಲೆಗೆ ಬೀಳುತ್ತದೆ ಅಂತಲೂ ಯೋಚಿಸಿ. ಬಹಳ ಮನೆಗಳಲ್ಲಿ ಒಬ್ಬರಿಗೇ ಬೀಳುತ್ತದೆ.

ಲವಣದ ಮೇಲೆ ಕುದಿಸುವುದರಿಂದ ಉಪಯೋಗ ಕಡಿಮೆ. ಸ್ವಲ್ಪ ಗಡಸುತನ ಬಿಳಿ ಪುಡಿಯಾಗಿ ತಳಕ್ಕೆ ಇಳಿಯುತ್ತದೆ, ಅಷ್ಟೇ. ನೈಟ್ರೇಟ್, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಇನ್ನೂ ದಟ್ಟವಾಗುತ್ತವೆ. "ಬೋರ್ ನೀರೇ, ಆದರೆ ಮಗೂಗೆ ಕುದಿಸೇ ಕೊಡ್ತೀವಿ" ಅನ್ನುವವರು ದಯವಿಟ್ಟು ಒಂದು ಸಲ ಲ್ಯಾಬ್ ಪರೀಕ್ಷೆ ಮಾಡಿಸಿ.

ಕ್ಯಾಂಡಲ್ ಫಿಲ್ಟರು

ಅಮ್ಮಂದಿರ ಕಾಲದ ಸ್ಟೀಲ್ ಫಿಲ್ಟರು ಕೆಸರು ತಡೆಯುತ್ತದೆ, ಒಳ್ಳೆಯ ಸೆರಾಮಿಕ್ ಕ್ಯಾಂಡಲ್ ಬ್ಯಾಕ್ಟೀರಿಯಾವನ್ನೂ ಬಹಳಷ್ಟು ತಡೆಯುತ್ತದೆ. ಕಾಮಾಲೆ ತರುವಂಥ ವೈರಸ್ ಅದರ ರಂಧ್ರಗಳಿಗಿಂತ ಸಣ್ಣದು, ನುಸುಳಿ ಹೋಗುತ್ತದೆ. ಹಾಗಾಗಿ ಕುದಿಸಿ ಆರಿಸಿ ಇದಕ್ಕೆ ಹಾಕುವ ಹಳೆಯ ಪದ್ಧತಿಯೇ ಸರಿ. ಕ್ಯಾಂಡಲನ್ನು ವಾರಕ್ಕೊಮ್ಮೆ ಮೆತ್ತನೆಯ ಬ್ರಷ್ಷಿನಲ್ಲಿ ಬರೀ ನೀರಿನಿಂದ ಉಜ್ಜಿ, ಸೋಪು ಬೇಡ. ಬಿರುಕು ಬಿಟ್ಟರೆ ಅವತ್ತೇ ಬದಲಿಸಿ. ಕ್ಲೋರಿನ್ ಕಾರ್ಟ್ರಿಡ್ಜ್ ಇರುವ ಪ್ಲಾಸ್ಟಿಕ್ ಗ್ರಾವಿಟಿ ಫಿಲ್ಟರುಗಳೂ ಇವೆ. ಕರೆಂಟು ಬೇಡ, ಗೋಡೆಗೆ ತೂತು ಬೇಡ, ಎರಡರಿಂದ ನಾಲ್ಕು ಸಾವಿರದೊಳಗೆ ಆಗುತ್ತದೆ. ಕಾವೇರಿ ನೀರಿರುವ ಬಾಡಿಗೆ ರೂಮಿನ ಹುಡುಗರಿಗೆ ನಾನು ಹೇಳುವುದು ಇದನ್ನೇ. ಟಿಡಿಎಸ್ ಇದು ಇಳಿಸುವುದಿಲ್ಲ.

ಯುವಿ, ಜೊತೆಗೆ ಯುಎಫ್

ಕಾವೇರಿ ನೀರು ಬರುವ ಮನೆಗೆ ನನ್ನ ಮೊದಲ ಆಯ್ಕೆ ಇದು. ಯುವಿ ದೀಪದ ಬೆಳಕು ರೋಗಾಣುಗಳು ಮರಿ ಮಾಡದ ಹಾಗೆ ಮಾಡುತ್ತದೆ. ಯುಎಫ್ ಪೊರೆ ಬ್ಯಾಕ್ಟೀರಿಯಾವನ್ನು ಸೋಸಿ ಹಿಡಿಯುತ್ತದೆ. ಕಾರ್ಬನ್ ಹಂತ ಕ್ಲೋರಿನ್ ವಾಸನೆ ತೆಗೆಯುತ್ತದೆ. ನೀರಿನ ಲವಣ ಹಾಗೇ ಉಳಿಯುತ್ತದೆ, ಮೋರಿಗೆ ಒಂದು ಹನಿಯೂ ಹೋಗುವುದಿಲ್ಲ. ಆರರಿಂದ ಹತ್ತು ಸಾವಿರಕ್ಕೆ ಸಿಗುತ್ತದೆ, ವರ್ಷದ ಸರ್ವಿಸ್ ಖರ್ಚೂ ಆರ್‌ಓಗಿಂತ ಕಡಿಮೆ.

ಎರಡು ಎಚ್ಚರಿಕೆ. ನೀರು ಕಲಕಿದ್ದರೆ ಬೆಳಕು ಒಳಗೆ ತೂರುವುದಿಲ್ಲ, ಆದ್ದರಿಂದ ದೀಪಕ್ಕೂ ಮೊದಲು ನೀರು ಸೋಸುವ ಫಿಲ್ಟರು ಚೊಕ್ಕಟವಾಗಿರಬೇಕು. ಇನ್ನೊಂದು, ಬೆಳಕು ದಾಟಿದ ಮೇಲೆ ನೀರಿಗೆ ಕಾವಲು ಇಲ್ಲ. ಕೊಳಕು ಬಿಂದಿಗೆಗೆ ಹಿಡಿದು, ಕೈಯದ್ದಿ ಲೋಟದಲ್ಲಿ ಮೊಗೆದರೆ ಅಲ್ಲಿಗೆ ಮುಗಿಯಿತು. ನಲ್ಲಿ ಇರುವ ಪಾತ್ರೆ ಇಡಿ, ಇಲ್ಲವೇ ಉದ್ದ ಹಿಡಿಯ ಸೌಟು.

ಆರ್‌ಓ

ಲವಣ, ನೈಟ್ರೇಟ್, ಫ್ಲೋರೈಡ್ ಎಲ್ಲವನ್ನೂ ಒಟ್ಟಿಗೆ ತೆಗೆಯಲು ಮನೆಯಲ್ಲಿ ಸಾಮಾನ್ಯವಾಗಿ ಇಡುವುದು ಇದನ್ನೇ. ಹತ್ತರಿಂದ ಇಪ್ಪತ್ತು ಸಾವಿರ, ವರ್ಷಕ್ಕೆ ಫಿಲ್ಟರು, ಸರ್ವಿಸ್ ಅಂತ ಮೂರರಿಂದ ಆರು ಸಾವಿರ. ಎರಡು-ಮೂರು ವರ್ಷಕ್ಕೆ ಮೆಂಬ್ರೇನ್, ಅಂದರೆ ಲವಣ ತಡೆಯುವ ಪೊರೆ, ಬದಲಿಸಬೇಕು. ತೀರಾ ಗಡಸು ನೀರಾದರೆ ಅದಕ್ಕೂ ಮೊದಲೇ.

ಬೆಲೆಗಿಂತ ನನಗೆ ನೋವಾಗುವುದು ಅದು ಹೊರಗೆ ಬಿಡುವ ನೀರು. ಮನೆಯ ಯಂತ್ರಗಳಲ್ಲಿ ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ಲೀಟರ್ ಹೊರಗೆ ಹೋಗುವುದು ಮಾಮೂಲು. ನಾಲ್ಕು ಜನರ ಮನೆಗೆ ಕುಡಿಯಲು, ಅಡುಗೆಗೆ 12 ಲೀಟರ್ ಬೇಕೆಂದರೆ ದಿನಕ್ಕೆ 36 ಲೀಟರ್ ಮೋರಿಗೆ. ವರ್ಷಕ್ಕೆ 13 ಸಾವಿರ ಲೀಟರ್. 6,000 ಲೀಟರಿನ ಎರಡು ಟ್ಯಾಂಕರ್ ನೀರನ್ನು ತರಿಸಿ ಚರಂಡಿಗೆ ಸುರಿದ ಹಾಗೆ. 2024ರ ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ಸಾಲು ನಿಂತದ್ದು ನೆನಪಿದೆ ಅಲ್ವಾ? ಟಿಡಿಎಸ್ 500 ಒಳಗಿರುವ ಕಡೆ ಆರ್‌ಓ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಕಾವೇರಿ ನೀರಿಗೆ ಆರ್‌ಓ ಹಾಕಿಸುವುದು ಹೇಗೆ ನೋಡಿದರೂ ದಂಡ. ಇರುವ ಅಷ್ಟಿಷ್ಟು ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂಡ ತೆಗೆದು ನೀರು ಸಪ್ಪೆ ಮಾಡಿಕೊಂಡಂತೆ.

ಬೇಕೇ ಬೇಕಾದವರಿಗೆ ಮೂರು ಮಾತು. ನೀರು ಕಡಿಮೆ ಹೊರಬಿಡುವ ಮಾದರಿ ಯಾವುದು ಅಂತ ಕೇಳಿ ತಗೊಳ್ಳಿ. ಹೊರಬೀಳುವ ನೀರಿನ ಪೈಪನ್ನು ಬಕೆಟ್ಟಿಗೆ ಬಿಡಿ. ನೆಲ ಒರೆಸಲು, ಟಾಯ್ಲೆಟ್ಟಿಗೆ ಆಗುತ್ತದೆ. ಕುಂಡದ ಗಿಡಗಳಿಗೆ ಬೇಡ, ಉಪ್ಪು ಮಣ್ಣಲ್ಲಿ ಉಳಿಯುತ್ತದೆ. ಮೂರನೆಯದನ್ನು ಮಾರುವವರು ಹೇಳುವುದಿಲ್ಲ: ಟಿಡಿಎಸ್ ಕಂಟ್ರೋಲರ್ ಅನ್ನುವ ತಿರುಪು ಮಾಡುವುದು ಆರ್‌ಓ ದಾಟದ ನೀರನ್ನು ಸ್ವಲ್ಪ ಬೆರೆಸುವ ಕೆಲಸ. ನಿಮ್ಮ ನೀರಿನಲ್ಲಿ ನೈಟ್ರೇಟ್ ಇದ್ದರೆ ಅದೂ ಬೆರೆಯುತ್ತದೆ. ಅಂಥ ಮನೆಯಲ್ಲಿ ಆ ತಿರುಪು ಮುಚ್ಚಿಸಿಬಿಡಿ, ರುಚಿಗೆ ಮಿನರಲ್ ಕಾರ್ಟ್ರಿಡ್ಜ್ ಇರುವ ಮಾದರಿ ನೋಡಿ.

ಕ್ಯಾನ್, ಐದು ರೂಪಾಯಿ ನೀರು

20 ಲೀಟರಿನ ಕ್ಯಾನ್ ಎರಡು ದಿನಕ್ಕೊಂದು ಬೇಕಾದರೆ ತಿಂಗಳಿಗೆ 15. ಒಂದಕ್ಕೆ 60ರಿಂದ 80 ರೂಪಾಯಿ ಅಂದರೂ 900ರಿಂದ 1,200. ಒಂದು ವರ್ಷದ ಕ್ಯಾನ್ ದುಡ್ಡಿಗೆ ಯಂತ್ರವೇ ಬರುತ್ತದೆ. ಆರು ತಿಂಗಳಿಗೆ ಮನೆ ಬದಲಿಸುವವರಿಗೆ, ಒಬ್ಬರೇ ಇರುವವರಿಗೆ ಮಾತ್ರ ಇದು ಲಾಭ. ಸೀಲು, ತುಂಬಿದ ದಿನ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ನೋಡಿ. ಒಳಗೆ ಲೋಳೆ ಲೋಳೆಯಾಗಿ ಕಾಣುವ ಕ್ಯಾನ್ ಬೇಡ ಅನ್ನಿ. ಡಿಸ್ಪೆನ್ಸರಿನ ನಲ್ಲಿಯನ್ನೂ ವಾರಕ್ಕೊಮ್ಮೆ ತೊಳೆಯಿರಿ, ಎಷ್ಟೋ ಸಲ ಕೊಳಕು ಅಲ್ಲಿಂದಲೇ.

ವಾರ್ಡಿನ ಶುದ್ಧ ಕುಡಿಯುವ ನೀರಿನ ಘಟಕ ಹತ್ತಿರ ಇದ್ದರೆ ಐದೋ ಹತ್ತೋ ರೂಪಾಯಿಗೆ ಅದೇ 20 ಲೀಟರ್. ತಿಂಗಳಿಗೆ ನೂರೈವತ್ತು ದಾಟುವುದಿಲ್ಲ. ಬೋರ್ ನೀರು ನಂಬಿರುವ, ಕೈಯಲ್ಲಿ ದುಡ್ಡು ಕಡಿಮೆ ಇರುವ ಮನೆಗೆ ಇದಕ್ಕಿಂತ ಒಳ್ಳೆಯದು ಕಾಣೆ. ಫಿಲ್ಟರು ಕೊನೆಯದಾಗಿ ಯಾವಾಗ ಬದಲಿಸಿದ್ದು ಅಂತ ನೋಡಿಕೊಳ್ಳುವವರನ್ನು ಕೇಳಿ. ನಿಮ್ಮದೇ ಟಿಡಿಎಸ್ ಮೀಟರು ಅದ್ದಿ ನೋಡಿ. ಹೊರುವ ಶಕ್ತಿ ಇರಬೇಕು, ಅದೊಂದೇ ಕಷ್ಟ.

ಇನ್ನುಳಿದವು ಚುಟುಕಾಗಿ. ತಾಮ್ರದ ಬಿಂದಿಗೆ ಚೆನ್ನ, ಬ್ಯಾಕ್ಟೀರಿಯಾ ಕಡಿಮೆಯೂ ಆಗುತ್ತದೆ, ಆದರೆ ಕೊಳಚೆ ಸೇರಿದ ನೀರಿಗೆ ಅದನ್ನೇ ನಂಬಬೇಡಿ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ಕೂದಲಿಗೆ, ಗೀಸರಿಗೆ ಒಳ್ಳೆಯದು. ಅದು ಗಡಸುತನ ತೆಗೆದು ಸೋಡಿಯಂ ಸೇರಿಸುತ್ತದೆ, ರೋಗಾಣು ಕೊಲ್ಲುವುದಿಲ್ಲ. ಬಿಪಿ ಇರುವವರು ಆ ನೀರನ್ನು ಹಾಗೇ ಕುಡಿಯುವುದು ಬೇಡ. ಕ್ಲೋರಿನ್ ಮಾತ್ರೆ ಮನೆಯಲ್ಲಿ ಒಂದು ಪಟ್ಟಿ ಇರಲಿ. ಪ್ಯಾಕೆಟ್ಟಿನಲ್ಲಿ ಬರೆದಷ್ಟು ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಪೈಪು ಒಡೆದ ವಾರ, ಯಂತ್ರ ಕೆಟ್ಟ ವಾರ ಕಾಪಾಡುತ್ತದೆ.

ಯಾರಿಗೆ ಯಾವುದು

ಕಾವೇರಿ ನೀರು, ಟಿಡಿಎಸ್ 300ರ ಒಳಗೆ: ಯುವಿ ಮತ್ತು ಯುಎಫ್. ಅಷ್ಟು ದುಡ್ಡು ಈಗ ಇಲ್ಲವೆಂದರೆ ಕುದಿಸಿ, ಸ್ಟೀಲ್ ಫಿಲ್ಟರಿಗೆ ಹಾಕಿ. ಯಾವ ಕೊರತೆಯೂ ಇಲ್ಲ. ಮಿಶ್ರ ನೀರು, 300ರಿಂದ 500: ಲ್ಯಾಬ್ ವರದಿ ನೋಡಿ. ನೈಟ್ರೇಟ್, ಫ್ಲೋರೈಡ್ ಮಿತಿಯೊಳಗಿದ್ದರೆ ಯುವಿಯೇ ಸಾಕು, ದಾಟಿದ್ದರೆ ಆರ್‌ಓ. ಬರೀ ಬೋರು ಅಥವಾ ಟ್ಯಾಂಕರು, 500ರ ಮೇಲೆ: ಆರ್‌ಓ, ಇಲ್ಲವೇ ನೀರಿನ ಘಟಕ. ಟ್ಯಾಂಕರ್ ನೀರಂತೂ ಒಂದೊಂದು ಲೋಡು ಒಂದೊಂದು ಬೋರಿನದು, ಬಂದಾಗಲೆಲ್ಲ ಮೀಟರು ಅದ್ದಿ. ಯಾವುದೇ ಆಗಲಿ, ಆರು ತಿಂಗಳಿಗೊಮ್ಮೆ ಸಂಪು, ಟ್ಯಾಂಕು ತೊಳೆಸಲೇಬೇಕು.

ಅತ್ತಿಗೆ ಮನೆಯ ಮಾತು ಅರ್ಧಕ್ಕೆ ಬಿಟ್ಟೆ. ಆ ಹುಡುಗ ಹೋದ ಮೇಲೆ ಮೀಟರು ಅದ್ದಿ ನೋಡಿದೆವು, 1,140. ನೀರನ್ನು ಲ್ಯಾಬಿಗೆ ಕೊಟ್ಟೆವು. ವರದಿಯಲ್ಲಿ ನೈಟ್ರೇಟ್ 62. ಕಡ್ಡಿಯ ಆಟ ಸುಳ್ಳಾದರೂ ಅವರ ಮನೆಗೆ ಆರ್‌ಓ ಬೇಕೇ ಆಗಿತ್ತು. ನಾಲ್ಕು ಕಡೆ ವಿಚಾರಿಸಿ, ಹೊರಬಿಡುವ ನೀರು ಕಡಿಮೆ ಇರುವುದನ್ನೇ ಆರಿಸಿದರು. ಕಂಟ್ರೋಲರ್ ತಿರುಪನ್ನು ಪೂರ್ತಿ ಮುಚ್ಚಿಸಿದ್ದಾರೆ. ಸಿಂಕಿನ ಕೆಳಗೆ ನೀಲಿ ಬಕೆಟ್ಟು, ಫ್ರಿಜ್ಜಿನ ಮೇಲೆ ಫಿಲ್ಟರು ಬದಲಿಸಿದ ತಾರೀಖು ಬರೆದ ಚೀಟಿ. ಮೊನ್ನೆ ಫೋನ್ ಮಾಡಿ, "ಬೇಳೆ ಈಗ ಮೂರೇ ವಿಸಿಲ್‌ಗೆ ಬೇಯುತ್ತೆ ಕಣೇ" ಅಂದರು.